ಬಾಗಿಲಿಲ್ಲದ ಮನೆಯಲ್ಲಿ ಟಾರ್ ರಿಲೇ: ತೊಡಕುಗಳೂ ಪರಿಹಾರಗಳೂ

"ಅಜ್ಜ, ನಮ್ಮ ಹಳೆಯ ಕಂಪ್ಯೂಟರಿಗೆ ಟಾರ್ ಹಾಕುವುದಾ?" ಎಂದು ರಜೆಯಲ್ಲಿ ಬಂದ ಮೊಮ್ಮಗ ಕೇಳಿದಾಗ ಒಳಗಿನಿಂದ ಮನೆಯಾಕೆ, "ಟಾರು ಹಾಕುವುದಿದ್ದರೆ ಮೊದಲು ಗೇಟಿನವರೆಗಿನ ದಾರಿಗೆ ಹಾಕಿಸಿ, ಮಳೆಗಾಲದಲ್ಲಿ ನಡೆಯಲಿಕ್ಕೆ ಆಗುವುದಿಲ್ಲ" ಎಂದಳು. ಅವನು ಹೇಳಿದ ಟಾರ್ ರಸ್ತೆಗೆ ಹಾಕುವ ಟಾರಲ್ಲ. ಆದರೆ ಅದೂ ಒಂದು ದಾರಿಯ ವಿಷಯವೇ ಎಂಬುದು ಮುಂದಿನ ಮೂರು ತಿಂಗಳಲ್ಲಿ ನಮಗೆಲ್ಲ ಮನವರಿಕೆಯಾಯಿತು. ಆ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಮನೆಯಲ್ಲಿ ಹುಟ್ಟಲು ಒಂದು ಕಾರಣವುಂಟು. ನಮ್ಮ ಬಂಧುಗಳಲ್ಲೊಬ್ಬರು ತಮಗಿದ್ದ ಕಾಯಿಲೆಯ ಬಗ್ಗೆ ಮಕ್ಕಳು ಪಾಠಕ್ಕೆ ಬಳಸುವ ಟ್ಯಾಬಿನಲ್ಲಿ ಒಂದು ರಾತ್ರಿ ಹುಡುಕಿ ಓದಿದ್ದರು. ಎರಡು ದಿನ ಕಳೆಯುವುದರೊಳಗೆ ಅದೇ ಕಾಯಿಲೆಯ ಆಸ್ಪತ್ರೆ, ಔಷಧಿಗಳ ಜಾಹೀರಾತು ಮಕ್ಕಳ ಕಣ್ಣೆದುರು ಬರತೊಡಗಿತು. ಇಬ್ಬರಿಗೆ ಮಾತ್ರ ತಿಳಿಯಬೇಕಾದುದು ಮನೆಮಂದಿಗೆಲ್ಲ ತಿಳಿಯಿತು. ಕದ್ದವರು ಯಾರೂ ಇಲ್ಲ, ಆದರೂ ಗುಟ್ಟು ಹೋಯಿತು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದನ್ನು ಬಳಸುವ ದಾರಿಯೂ ಬೇಕು. ಅಂಥ ದಾರಿಗಳಲ್ಲಿ ಒಂದು ಟಾರ್.

ಏನಿದು ಟಾರ್?

ಕುಂಬಳೆಯ ಹತ್ತಿರದ ನನ್ನ ಮನೆಯಿಂದ ಪುತ್ತೂರಿನ ಒಬ್ಬರಿಗೆ ಕಾಗದ ಕಳುಹಿಸಬೇಕು, ಯಾರು ಯಾರಿಗೆ ಬರೆದರೆಂಬುದು ದಾರಿಯಲ್ಲಿ ಯಾರಿಗೂ ತಿಳಿಯಬಾರದು ಎಂದಿಟ್ಟುಕೊಳ್ಳಿ. ಕಾಗದವನ್ನು ಒಂದರೊಳಗೊಂದರಂತೆ ಮೂರು ಲಕೋಟೆಗಳಲ್ಲಿ ಹಾಕುತ್ತೇನೆ. ಹೊರಗಿನ ಲಕೋಟೆ ಕುಂಬಳೆ ಪೇಟೆಯವನ ಹೆಸರಿಗೆ. ಅವನು ಬಿಡಿಸಿದರೆ ಒಳಗೆ ಬದಿಯಡ್ಕದವನ ಹೆಸರಿನ ಲಕೋಟೆ. ಅವನು ಬಿಡಿಸಿದರೆ ಪೆರ್ಲದವನ ಹೆಸರಿನದು. ಪೆರ್ಲದವನು ಬಿಡಿಸಿ ಪುತ್ತೂರಿಗೆ ಮುಟ್ಟಿಸುತ್ತಾನೆ. ಕುಂಬಳೆಯವನಿಗೆ ನಾನು ಗೊತ್ತು, ಪುತ್ತೂರು ಗೊತ್ತಿಲ್ಲ. ಪೆರ್ಲದವನಿಗೆ ಪುತ್ತೂರು ಗೊತ್ತು, ನಾನು ಗೊತ್ತಿಲ್ಲ. ನಡುವಿನ ಬದಿಯಡ್ಕದವನಿಗೆ ಎರಡೂ ಗೊತ್ತಿಲ್ಲ. ಟಾರ್ ಜಾಲದ ರಹಸ್ಯವೆಲ್ಲ ಇಷ್ಟೇ. ಒಂದೊಂದೇ ಪದರ ಬಿಡಿಸುತ್ತ ಹೋಗುವುದರಿಂದ ಇದಕ್ಕೆ ಈರುಳ್ಳಿಯ ಹೆಸರು ಬಂತು. ಇಂಗ್ಲಿಷಿನ 'ದಿ ಆನಿಯನ್ ರೌಟಿಂಗ್' ಎಂಬುದರ ಮೊದಲಕ್ಷರಗಳೇ ಟಾರ್.

ಈ ಉಪಾಯವನ್ನು 1990ರ ದಶಕದ ಮಧ್ಯಭಾಗದಲ್ಲಿ ರೂಪಿಸಿದವರು ಅಮೆರಿಕದ ನೌಕಾದಳದ ಸಂಶೋಧನಾಲಯದ ಪಾಲ್ ಸೈವರ್ಸನ್, ಮೈಕೆಲ್ ರೀಡ್ ಮತ್ತು ಡೇವಿಡ್ ಗೋಲ್ಡ್‌ಶ್ಲಾಗ್. ಮುಂದೆ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಸೈವರ್ಸನ್ನರೊಡನೆ ಸೇರಿ ಈಗಿನ ಟಾರನ್ನು ಸಿದ್ಧಪಡಿಸಿದರು. 2002ರಲ್ಲಿ ಅದು ಜನರ ಕೈಗೆ ಬಂತು, 2006ರಲ್ಲಿ ಅದನ್ನು ನೋಡಿಕೊಳ್ಳಲು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಲಕೋಟೆ ದಾಟಿಸುವ ಈ ನಡುಹಾದಿಯ ಕಂಪ್ಯೂಟರುಗಳಿಗೆ ರಿಲೇ ಎಂದು ಹೆಸರು. ಲೋಕದಾದ್ಯಂತ ಹಲವು ಸಾವಿರ ರಿಲೇಗಳನ್ನು ನಡೆಸುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ದಾರಿಯನ್ನು ಬಳಸುವವರು ಒಂದಿಷ್ಟು ದಾರಿಯನ್ನು ಕಟ್ಟಿಕೊಡಲೂ ಬೇಕಲ್ಲವೇ ಎಂಬುದು ನನ್ನ ಮೊಮ್ಮಗನ ವಾದ. ಆ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ದಿನದ ತೊಡಕುಗಳು

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ ಚಾವಡಿಗೆ ತಂದು, ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಟಾರನ್ನು ಸ್ಥಾಪಿಸಿದೆವು. ಯಂತ್ರದ ಶಕ್ತಿ ದೊಡ್ಡ ಪ್ರಶ್ನೆಯಲ್ಲ. ಸಣ್ಣ ರಿಲೇಗೆ 512 ಮೆಗಾಬೈಟ್ ಮೆಮೊರಿ ಸಾಕು. ಸಂಪರ್ಕದ ವೇಗ ಮಾತ್ರ ಹೋಗಲೂ ಬರಲೂ ಸೆಕೆಂಡಿಗೆ ಕನಿಷ್ಠ 10 ಮೆಗಾಬಿಟ್, ಸಾಧ್ಯವಾದರೆ 16 ಮೆಗಾಬಿಟ್ ಇರಬೇಕೆಂದು ಟಾರ್ ಸಂಸ್ಥೆ ಹೇಳುತ್ತದೆ. ಟಾರ್‌ಆರ್‌ಸಿ ಎಂಬ ಒಂದೇ ಕಡತದಲ್ಲಿ ನಾಲ್ಕಾರು ಸಾಲು ಬರೆದರೆ ಏರ್ಪಾಡು ಮುಗಿಯಿತು: ರಿಲೇಯ ಅಡ್ಡಹೆಸರು, ಸಂಪರ್ಕಕ್ಕೊಂದು ಇಮೇಲ್, ಹೊರಗಿನವರು ಬಂದು ತಟ್ಟುವ ಬಾಗಿಲಿನ ಸಂಖ್ಯೆ (ಇದಕ್ಕೆ ಓಆರ್ ಪೋರ್ಟ್ ಎಂದು ಹೆಸರು, ನಾವು 9001 ಕೊಟ್ಟೆವು), ಮತ್ತು 'ಎಕ್ಸಿಟ್ ರಿಲೇ 0' ಎಂಬ ಸಾಲು. ಈ ಕೊನೆಯ ಸಾಲನ್ನು ಮರೆಯಬಾರದು, ಕಾರಣ ಮುಂದೆ ಹೇಳುತ್ತೇನೆ.

ಚಾಲೂ ಮಾಡಿದರೆ ಟಾರ್ ಏಳಲೇ ಇಲ್ಲ. ಮೊಮ್ಮಗ ಪ್ರೀತಿಯಿಂದ ರಿಲೇಗೆ ನಮ್ಮ ಮನೆಯ ಹೆಸರನ್ನು ಕನ್ನಡದಲ್ಲೇ ಬರೆದಿದ್ದ, ನಡುವೆ ತೆರಪನ್ನೂ ಬಿಟ್ಟಿದ್ದ. ಅಡ್ಡಹೆಸರು 1ರಿಂದ 19 ಅಕ್ಷರಗಳೊಳಗೆ, ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಲ್ಲಿ ಮಾತ್ರ ಇರಬೇಕೆಂಬುದು ನಿಯಮ. "ಇಲ್ಲಿಯೂ ಕನ್ನಡಕ್ಕೆ ಜಾಗವಿಲ್ಲವಾ ಅಜ್ಜ?" ಎಂದ. ಊರಿನಲ್ಲಿ ಬೋರ್ಡುಗಳನ್ನು ನೋಡಿ ನೋಡಿ ಅಭ್ಯಾಸವಾದ ನಾನು ಸುಮ್ಮನೆ ನಕ್ಕೆ. ಕಡತದಲ್ಲಿ ತಪ್ಪಿದೆಯೇ ಎಂದು ಮೊದಲೇ ಪರೀಕ್ಷಿಸಲು ಟಾರ್‌ನಲ್ಲಿ 'ವೆರಿಫೈ ಕಾನ್ಫಿಗ್' ಎಂಬ ಆಜ್ಞೆಯುಂಟು. ಪ್ರತಿ ಸಲ ಬದಲಾಯಿಸಿದಾಗಲೂ ಅದನ್ನೊಮ್ಮೆ ಓಡಿಸಿದರೆ ಅರ್ಧ ತಲೆನೋವು ಕಡಿಮೆ.

ಎರಡನೆಯ ತಕರಾರು ಗಡಿಯಾರದ್ದು. ಟಾರ್ ತಾನು ಮಾಡುವುದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆಯುತ್ತದೆ. ಗಡಿಯಾರ ತಪ್ಪಿದೆ ಎಂದು ಅದರಲ್ಲಿ ಎಚ್ಚರಿಕೆ ಬಂತು. ಆದರೆ ಪರದೆಯಲ್ಲಿ ಕಾಣುವ ವೇಳೆಗೂ ಗೋಡೆಯ ಗಡಿಯಾರಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ! ಕೊನೆಗೆ ಗುಟ್ಟು ತಿಳಿಯಿತು. ಕಂಪ್ಯೂಟರು ತಾನು ಗ್ರೀನಿಚ್ ವೇಳೆಯಲ್ಲಿದ್ದೇನೆಂದು ತಿಳಿದಿತ್ತು, ನಾವು ಅದರಲ್ಲಿ ಭಾರತದ ವೇಳೆಯನ್ನು ಕೈಯಾರೆ ತುಂಬಿದ್ದೆವು. ಹೀಗಾಗಿ ಅದು ಲೋಕಕ್ಕಿಂತ ಐದೂವರೆ ಗಂಟೆ ಮುಂದೆ ಓಡುತ್ತಿತ್ತು. ಕಾಲವಲಯವನ್ನು ಸರಿಪಡಿಸಿ, ಅಂತರ್ಜಾಲದಿಂದ ತಾನಾಗಿ ವೇಳೆ ಪಡೆಯುವ ಏರ್ಪಾಡನ್ನು ಚಾಲೂ ಮಾಡಿದೆವು. ಕರೆಂಟು ಹೋದಾಗಲೆಲ್ಲ ಹಳೆಯ ಯಂತ್ರದ ತಾರೀಕು ಹಿಂದೆ ಹೋಗುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆಯೆಂದು ತಿಳಿಯಬೇಕು. ಅಲ್ಪ ಖರ್ಚಿನಲ್ಲಿ ಹೊಸದು ಸಿಗುತ್ತದೆ.

ಬಾಗಿಲು ಎಲ್ಲಿ ಮುಚ್ಚಿದೆ?

ಇಷ್ಟಾದ ಮೇಲೆ ಟಾರ್ ಎದ್ದಿತು, ಜಾಲವನ್ನೂ ಸೇರಿತು. ಆದರೆ ರಿಲೇ ಕೆಲಸಕ್ಕೆ ಇಳಿಯಬೇಕಾದರೆ ಹೊರಗಿನವರು ಅದರ ಬಾಗಿಲಿಗೆ ಬಂದು ತಟ್ಟಲು ಸಾಧ್ಯವಾಗಬೇಕು. ಟಾರ್ ತನ್ನನ್ನು ತಾನೇ ಹೊರಗಿನಿಂದ ತಟ್ಟಿಸಿ ನೋಡಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಸುಮಾರು 20 ನಿಮಿಷದೊಳಗೆ 'ಬಾಗಿಲು ಹೊರಗಿನಿಂದ ಮುಟ್ಟುತ್ತದೆ, ಉತ್ತಮ' ಎಂಬರ್ಥದ ಸಾಲು ದಿನಚರಿಯಲ್ಲಿ ಬರಬೇಕು. ನಮಗೆ ಬಂದದ್ದು ಮುಟ್ಟುವುದಿಲ್ಲ ಎಂಬ ಎಚ್ಚರಿಕೆ. ಮೂರು ದಿನ ಅದೇ ಎಚ್ಚರಿಕೆ.

ಇಂಥ ಸಂದರ್ಭದಲ್ಲಿ ಕಂಡದ್ದನ್ನೆಲ್ಲ ತಿರುಗಿಸಬಾರದು, ಒಳಗಿನಿಂದ ಹೊರಗೆ ಒಂದೊಂದೇ ಬಾಗಿಲನ್ನು ಪರೀಕ್ಷಿಸುತ್ತ ಹೋಗಬೇಕು ಎಂಬುದು ನಾನು ಕಲಿತ ಪಾಠ. ಮೊದಲನೆಯ ಬಾಗಿಲು ಕಂಪ್ಯೂಟರಿನದೇ. ಅದರ ಫಯರ್‌ವಾಲ್ 9001ನ್ನು ತಡೆಯುತ್ತಿತ್ತು, ಬಿಡಿಸಿದೆವು. ಎರಡನೆಯದು ರೌಟರಿನದು. ಹೊರಗಿನಿಂದ 9001ಕ್ಕೆ ಬಂದವರನ್ನು ಇಂಥ ಕಂಪ್ಯೂಟರಿಗೆ ಕಳುಹಿಸು ಎಂದು ರೌಟರಿನಲ್ಲಿ ಬರೆಯಬೇಕು, ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಅದನ್ನು ಮೊದಲೇ ಬರೆದಿದ್ದೆವು. ಆದರೆ ರಾತ್ರಿ ಕರೆಂಟು ಹೋಗಿ ಬಂದಾಗ ರೌಟರು ಮನೆಯೊಳಗಿನ ವಿಳಾಸಗಳನ್ನು ಹೊಸದಾಗಿ ಹಂಚಿತ್ತು. ನಾವು ಬರೆದ ವಿಳಾಸ ಈಗ ಟಿವಿಯ ಪಾಲಾಗಿತ್ತು! ಕಂಪ್ಯೂಟರಿಗೆ ಸದಾ ಒಂದೇ ವಿಳಾಸ ಕೊಡುವಂತೆ ರೌಟರಿನಲ್ಲಿ ಕಾದಿರಿಸುವುದು ಇದಕ್ಕೆ ಪರಿಹಾರ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು. ಮನೆಯ ವೈಫೈಯಲ್ಲಿದ್ದುಕೊಂಡೇ ಬಾಗಿಲು ತೆರೆದಿದೆಯೇ ಎಂದು ಪರೀಕ್ಷಿಸಿದರೆ ಉತ್ತರ ತಪ್ಪಾಗಿ ಬರಬಹುದು. ಚಾವಡಿಯಲ್ಲಿ ಕುಳಿತವನಿಗೆ ಗೇಟಿಗೆ ಬೀಗ ಬಿದ್ದದ್ದು ಗೊತ್ತಾಗುವುದು ಹೇಗೆ? ಫೋನಿನ ವೈಫೈ ಆರಿಸಿ ಮೊಬೈಲ್ ಡಾಟಾದಿಂದ, ಅಂದರೆ ನಿಜವಾಗಿ ಹೊರಗಿನಿಂದ ಪರೀಕ್ಷಿಸಬೇಕು.

ಬಾಗಿಲೇ ಇರಲಿಲ್ಲ!

ಇಷ್ಟು ಮಾಡಿದರೂ ಎಚ್ಚರಿಕೆ ಹೋಗಲಿಲ್ಲ. ನಾಲ್ಕನೆಯ ದಿನ ಮೊಮ್ಮಗ ರೌಟರಿನ ಪುಟದಲ್ಲಿ ಹೊರವಿಳಾಸ ಯಾವುದೆಂದು ನೋಡಿದ. 100ರಿಂದ ಆರಂಭವಾಗುವ ಸಂಖ್ಯೆ. 'ನನ್ನ ವಿಳಾಸ ಯಾವುದು' ಎಂದು ತಿಳಿಸುವ ಜಾಲತಾಣದಲ್ಲಿ ನೋಡಿದರೆ ಬೇರೆಯೇ ಸಂಖ್ಯೆ. "ಅಜ್ಜ, ನಮ್ಮ ಮನೆಗೆ ಬಾಗಿಲೇ ಇಲ್ಲ ಮಾರಾಯ್ರೆ!" ಎಂದು ಕೂಗಿದ.

ಇದನ್ನು ಸ್ವಲ್ಪ ವಿವರಿಸಬೇಕು. ಲೋಕದಲ್ಲಿ ಹಳೆಯ ಮಾದರಿಯ ಅಂತರ್ಜಾಲ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಎಲ್ಲರಿಗೂ ಸಾಲುವುದಿಲ್ಲ. ಆದುದರಿಂದ ಸೇವೆ ಕೊಡುವವರು ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಪೇಟೆಯ ಬಾಡಿಗೆ ಕಟ್ಟಡಕ್ಕೆಲ್ಲ ಒಂದೇ ಗೇಟು, ಒಂದೇ ಅಂಚೆಪೆಟ್ಟಿಗೆ ಇದ್ದ ಹಾಗೆ. ಒಳಗಿನವರು ಬರೆದ ಕಾಗದ ಹೊರಗೆ ಹೋಗುತ್ತದೆ. ಕಾವಲುಗಾರ ಗುರುತು ಹಾಕಿಟ್ಟುಕೊಂಡಿರುವುದರಿಂದ ಅದಕ್ಕೆ ಬಂದ ಉತ್ತರವೂ ಸರಿಯಾದ ಕೋಣೆಗೆ ತಲುಪುತ್ತದೆ. ಆದರೆ ಹೊರಗಿನವನು ತಾನಾಗಿ ಬಂದು ಕೇಳಿದರೆ ಯಾವ ಕೋಣೆಗೆ ಬಿಡಬೇಕೆಂದು ಕಾವಲುಗಾರನಿಗೆ ತಿಳಿಯದು. ನಾವು ಜಾಲತಾಣ ನೋಡುವುದು, ಸಿನೆಮಾ ನೋಡುವುದು ಎಲ್ಲ ಒಳಗಿನಿಂದ ಹೊರಟ ಕಾಗದಗಳಾದ್ದರಿಂದ ಈ ಕೊರತೆ ನಮಗೆ ಎಂದೂ ತಿಳಿದೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಪರೀಕ್ಷಿಸಬಹುದು. ರೌಟರು ತೋರಿಸುವ ಹೊರವಿಳಾಸ 100.64ರಿಂದ 100.127ರ ನಡುವೆ ಆರಂಭವಾದರೆ ಸಿಜಿನ್ಯಾಟ್ ಎಂದು ತಿಳಿಯಿರಿ. 10, 192.168 ಅಥವಾ 172.16ರಿಂದ 172.31ರವರೆಗಿನ ಆರಂಭವಾದರೆ ಅದೂ ಒಳವಿಳಾಸವೇ. ಮನೆಯಲ್ಲಿ ಕೇಬಲಿನವರು ಇಟ್ಟ ಒಂದು ಪೆಟ್ಟಿಗೆ, ನೀವು ತಂದ ಇನ್ನೊಂದು ರೌಟರ್ ಹೀಗೆ ಎರಡಿದ್ದರೆ ಮೊದಲು ಎರಡರಲ್ಲಿಯೂ ಬಾಗಿಲು ತೆರೆದು ನೋಡಿ. ಹೊಸ ಮಾದರಿಯ ಐಪಿವಿ6 ವಿಳಾಸ ಇದ್ದರೂ ರಿಲೇಗೆ ಅದೊಂದೇ ಸಾಲದು, ಹಳೆಯ ಮಾದರಿಯದು ಬೇಕೇ ಬೇಕು.

ಸೇವೆ ಕೊಡುವವರಿಗೆ ಫೋನು ಮಾಡಿದೆ. ಮೊದಲ ಮೂರು ಸಲ 'ರೌಟರ್ ಆರಿಸಿ ಹೊತ್ತಿಸಿ' ಎಂಬ ಉಪದೇಶ. ನಾಲ್ಕನೆಯ ಸಲ ನನ್ನ ಮಲಯಾಳಕ್ಕೂ ಆಚೆಯವರ ತಾಳ್ಮೆಗೂ ಹೊಂದಿಕೆಯಾಗಿ, ಪ್ರತ್ಯೇಕ ಸ್ಥಿರ ವಿಳಾಸ ಬೇಕಾದರೆ ತಿಂಗಳಿಗೆ ಹೆಚ್ಚು ಹಣ ಕೊಡಬೇಕೆಂಬುದು ಸ್ಪಷ್ಟವಾಯಿತು. ಮನೆಯ ಸಂಪರ್ಕದಲ್ಲಿ ಇಂಥ ಸೇವೆ ನಡೆಸಬಾರದೆಂಬ ಷರತ್ತು ಇದೆಯೇ ಎಂದು ಒಪ್ಪಂದವನ್ನು ಪೂರ್ತಿ ಓದಿದೆವು. ನಮ್ಮದರಲ್ಲಿ ಇರಲಿಲ್ಲ, ಕೆಲವರದರಲ್ಲಿ ಇರಬಹುದು. ಮೂರು ತಿಂಗಳಿಗೆ ಹಣ ಕಟ್ಟಿದೆವು. ಹೊಸ ವಿಳಾಸ ಬಂದ ದಿನವೇ ದಿನಚರಿಯಲ್ಲಿ ಆ 'ಉತ್ತಮ' ಎಂಬ ಮಾತು ಕಾಣಿಸಿತು. ಮೊಮ್ಮಗ ಕುಣಿದಾಡಿದ. ಅವನಜ್ಜಿ ಪಾಯಸ ಮಾಡಿದಳು.

ತೆರೆದ ಮೇಲಿನ ಸಂಕಟ

ಮೊದಲ ವಾರ ರಿಲೇಯಲ್ಲಿ ಓಡಾಟವೇ ಇಲ್ಲ. ಇದು ದೋಷವಲ್ಲ ಎಂಬುದನ್ನು ಹೊಸಬರು ತಿಳಿದಿರಬೇಕು. ಹೊಸ ರಿಲೇಯನ್ನು ಜಾಲ ಕೂಡಲೇ ನಂಬುವುದಿಲ್ಲ. ಮೊದಲ ಮೂರು ದಿನ ಅಳೆಯದೆ ಇಡುತ್ತದೆ, ಎಂಟು ದಿನದವರೆಗೆ ಅಳೆದು ನೋಡುತ್ತದೆ, ಎರಡು ತಿಂಗಳಿಗೂ ಮೇಲ್ಪಟ್ಟು ಕಳೆದ ಬಳಿಕವೇ ಅದು ತನ್ನ ಪೂರ್ಣ ಪಾಲಿಗೆ ಬರುತ್ತದೆ. ತಾಳ್ಮೆ ತಪ್ಪಿ ಕಡತವನ್ನು ದಿನಕ್ಕೆ ಹತ್ತು ಸಲ ತಿದ್ದುವವನು ಒಳ್ಳೆಯದನ್ನು ಕೆಡಿಸಿಕೊಳ್ಳುತ್ತಾನೆ.

ಲೆಕ್ಕದ ಎರಡು ಮೋಸಗಳಿವೆ. ಸೇವೆ ಕೊಡುವವರು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ಟಾರ್‌ನ ಕಡತದಲ್ಲಿ ಮಿತಿಯನ್ನು ಸಾಮಾನ್ಯವಾಗಿ ಬೈಟ್‌ಗಳಲ್ಲಿ ಬರೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಇದನ್ನು ಮರೆತರೆ ಮಿತಿ ಎಂಟು ಪಟ್ಟು ತಪ್ಪುತ್ತದೆ. ಎರಡನೆಯದಾಗಿ, ರಿಲೇಗೆ ಬಂದದ್ದೆಲ್ಲ ಹೊರಗೆ ಹೋಗಲೇಬೇಕು. ತಿಂಗಳಿಗೆ 100 ಗಿಗಾಬೈಟ್ ಎಂದು ಮಿತಿ ಹಾಕಿದರೆ ಒಳಬಂದದ್ದು ನೂರು, ಹೊರಹೋದದ್ದು ನೂರು, ಸೇವೆಯವರ ಲೆಕ್ಕದಲ್ಲಿ ಒಟ್ಟು ಇನ್ನೂರು ಆಗಬಹುದು. ಮಿತಿ ಮುಟ್ಟಿದ ಬಳಿಕ ಟಾರ್ ಮುಂದಿನ ಅವಧಿಯವರೆಗೆ ತಾನಾಗಿ ನಿದ್ದೆ ಹೋಗುತ್ತದೆ.

ಆರನೆಯ ವಾರದಿಂದ ಮನೆಯಲ್ಲಿ ಅಸಮಾಧಾನ ತಲೆದೋರಿತು. ನನ್ನ ಸೊಸೆ ಮನೆಯಿಂದಲೇ ಒಂದು ಕಂಪೆನಿಯ ಲೆಕ್ಕಪತ್ರದ ಕೆಲಸ ಮಾಡುವವಳು. ಅವಳ ಮೀಟಿಂಗು ನಡುವೆ ನಡುವೆ ತುಂಡಾಗತೊಡಗಿತು. ರಿಲೇ ಒಂದೇ ಹೊತ್ತಿನಲ್ಲಿ 7000ದಷ್ಟು ಸಂಪರ್ಕಗಳನ್ನು ಹಿಡಿದುಕೊಳ್ಳಬೇಕಾಗುತ್ತದೆ. ಮನೆಬಳಕೆಯ ಚಿಕ್ಕ ರೌಟರಿಗೆ ಅಷ್ಟನ್ನು ನೆನಪಿಡುವ ಶಕ್ತಿ ಇರುವುದಿಲ್ಲ, ಸ್ತಬ್ಧವಾಗುತ್ತದೆ. ವೇಗದ ಮಿತಿಯನ್ನು ಇಳಿಸಿ ನೋಡಿದರೂ ಗುಣ ಕಾಣಲಿಲ್ಲ, ಏಕೆಂದರೆ ತೊಡಕಿದ್ದದ್ದು ವೇಗದಲ್ಲಲ್ಲ, ಸಂಪರ್ಕಗಳ ಸಂಖ್ಯೆಯಲ್ಲಿ.

ಅದಕ್ಕಿಂತ ದೊಡ್ಡದು ಇನ್ನೊಂದು. ಮೊಮ್ಮಗಳ ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ. ಹಣ ಪಾವತಿಯ ಪುಟ ನಮ್ಮ ಮನೆಯ ಸಂಪರ್ಕದಿಂದ ತೆರೆಯಲೇ ಇಲ್ಲ. ರಿಲೇಗಳ ವಿಳಾಸಗಳ ಪಟ್ಟಿ ಬಹಿರಂಗವಾದದ್ದು, ಯಾರೂ ನೋಡಬಹುದು. ಕೆಲವು ಬ್ಯಾಂಕು ಮತ್ತು ಜಾಲತಾಣಗಳು ಆ ಪಟ್ಟಿಯಲ್ಲಿರುವ ವಿಳಾಸಗಳನ್ನೆಲ್ಲ, ಅದು ನಡುವಿನ ರಿಲೇಯಾಗಿದ್ದರೂ, ಸಾರಾಸಗಟಾಗಿ ತಡೆಯುತ್ತವೆ. ಸೊಸೆಯ ಫೋನಿನ ಮೊಬೈಲ್ ಡಾಟಾದಿಂದ ರಾತ್ರಿ 11 ಗಂಟೆಗೆ ಶುಲ್ಕ ಕಟ್ಟಿದ್ದಾಯಿತು. "ಮಾವ, ಯಾರಿಗೋ ದಾರಿ ಮಾಡಿಕೊಡುವುದು ಒಳ್ಳೆಯದೇ. ಆದರೆ ನಮ್ಮ ಮಗುವಿನ ದಾರಿ ಮುಚ್ಚಬಾರದಲ್ಲ?" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನ್ಯಾಯವಿತ್ತು. ಆ ರಾತ್ರಿಯೇ ರಿಲೇಯನ್ನು ನಿಲ್ಲಿಸಿದೆ. ಮನೆಯ ಸಂಪರ್ಕ ಯಜಮಾನನೊಬ್ಬನದಲ್ಲ, ಮನೆಮಂದಿಯದು. ಅವರನ್ನು ಕೇಳದೆ ಆರಂಭಿಸಿದ್ದು ನನ್ನ ತಪ್ಪು.

ಕಾನೂನು ಮತ್ತು ಗೃಹಸ್ಥನ ಎಚ್ಚರ

'ಎಕ್ಸಿಟ್ ರಿಲೇ 0' ಎಂಬ ಸಾಲಿನ ಮಾತಿಗೆ ಈಗ ಬರೋಣ. ಲಕೋಟೆಯ ಉಪಮೆಯಲ್ಲಿ ಪೆರ್ಲದವನಿದ್ದಾನಲ್ಲ, ಪುತ್ತೂರಿನವರಿಗೆ ಕಾಣುವುದು ಅವನ ಮುಖ ಮಾತ್ರ. ಯಾರೋ ಬೆದರಿಕೆಯ ಕಾಗದ ಕಳುಹಿಸಿದರೆ ಪೊಲೀಸರು ಮೊದಲು ಬರುವುದು ಅವನ ಮನೆಗೆ. ಈ ಕೊನೆಯ ರಿಲೇಗೆ ಎಕ್ಸಿಟ್ ಎಂದು ಹೆಸರು. ರಷ್ಯದ ಗಣಿತ ಅಧ್ಯಾಪಕ ದ್ಮಿತ್ರಿ ಬೊಗಾತೊವ್ ತನ್ನ ಮನೆಯಲ್ಲಿ ಎಕ್ಸಿಟ್ ನಡೆಸುತ್ತಿದ್ದುದರಿಂದ, ಬೇರೆಯವರು ಬರೆದ ಬರಹಕ್ಕಾಗಿ 2017ರ ಏಪ್ರಿಲಿನಲ್ಲಿ ಬಂಧಿತನಾದ. ಆತನ ಮೇಲಿನ ಆರೋಪ ಬಿದ್ದುಹೋದದ್ದು 2018ರಲ್ಲಿ. ಟಾರನ್ನು ಪತ್ರಕರ್ತರೂ ಸಂತ್ರಸ್ತರೂ ಬಳಸುವಂತೆ ದುಷ್ಟರೂ ಬಳಸುತ್ತಾರೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದುದರಿಂದ ಮನೆಯಲ್ಲಿ ಎಕ್ಸಿಟ್ ಎಂದೂ ಬೇಡ. ಟಾರ್ ಸಂಸ್ಥೆಯ ಸಲಹೆಯೂ ಅದೇ.

ನಡುವಿನ ರಿಲೇಯ ಕತೆ ಬೇರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲೆಬನಾನ್ ಎಂಬ ಸಣ್ಣ ಊರಿನ ಕಿಲ್ಟನ್ ಗ್ರಂಥಾಲಯ 2015ರಲ್ಲಿ ಇಂಥ ರಿಲೇಯೊಂದನ್ನು ಆರಂಭಿಸಿತು. ಪೊಲೀಸರು ವಿಚಾರಿಸಿದಾಗ ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ಸಪ್ಟೆಂಬರಿನಲ್ಲಿ ಸಾರ್ವಜನಿಕರ ಮುಂದೆ ಸಭೆ ಸೇರಿ ಚರ್ಚಿಸಿ, ಮತ್ತೆ ಚಾಲೂ ಮಾಡಿತು. ನಮ್ಮ ದೇಶದಲ್ಲಿ, ವಿಪಿಎನ್ ಸೇವೆ ಮಾರುವ ಸಂಸ್ಥೆಗಳು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿತು. ಮನೆಯ ರಿಲೇ ಅಂಥ ವ್ಯಾಪಾರವಲ್ಲ. ಆದರೂ ಏನು ಮಾಡುತ್ತಿದ್ದೇವೆಂಬುದನ್ನು ತಿಳಿದು, ಸಂಶಯವಿದ್ದರೆ ಪರಿಚಯದ ವಕೀಲರಲ್ಲಿ ಕೇಳಿ ಮುಂದುವರಿಯುವುದು ಗೃಹಸ್ಥರಿಗೆ ಕ್ಷೇಮ.

ಕೊನೆಗೆ ಹಿಡಿದ ದಾರಿ

ಬಹಿರಂಗ ಪಟ್ಟಿಯಲ್ಲಿ ಇಲ್ಲದ, ಬ್ರಿಜ್ ಎಂಬ ಗುಪ್ತ ರಿಲೇ ನಡೆಸಬಹುದಲ್ಲ ಎಂದು ಮೊಮ್ಮಗ ಫೋನಿನಲ್ಲಿ ಹೇಳಿದ. ಅದಕ್ಕೂ ತೆರೆದ ಬಾಗಿಲು ಬೇಕು. ಅಲ್ಲದೆ ಒಮ್ಮೆ ಪಟ್ಟಿಗೆ ಸೇರಿದ ವಿಳಾಸವನ್ನು ತಡೆಯುವವರು ಬರೆದಿಟ್ಟುಕೊಂಡಿರುತ್ತಾರೆ, ಮತ್ತೆ ಗುಪ್ತವಾಗುವುದು ಹೇಗೆ? ಕೊನೆಗೆ ಸ್ಥಿರ ವಿಳಾಸವನ್ನು ಹಿಂದಿರುಗಿಸಿ ಸ್ನೋಫ್ಲೇಕ್ ಎಂಬುದನ್ನು ಹಾಕಿದೆವು. ಇದು ಫಯರ್‌ಫಾಕ್ಸ್ ಅಥವಾ ಕ್ರೋಮ್ ಬ್ರೌಸರಿಗೆ ಸೇರಿಸುವ ಚಿಕ್ಕ ತಂತ್ರಾಂಶ. ಟಾರ್‌ಗೆ ಹೋಗುವ ದಾರಿಯನ್ನೇ ಸರಕಾರ ಮುಚ್ಚಿದ ದೇಶದವರಿಗೆ ಇದು ಮೊದಲ ಮೆಟ್ಟಿಲನ್ನು ಒದಗಿಸುತ್ತದೆ. ರಷ್ಯ 2021ರ ಡಿಸೆಂಬರಿನಲ್ಲಿ ಟಾರನ್ನು ತಡೆದಾಗ, ಇರಾನಿನಲ್ಲಿ 2022ರ ಸಪ್ಟೆಂಬರಿನ ಚಳವಳಿಯ ಕಾಲದಲ್ಲಿ ಜಾಲ ಕಟ್ಟಿಹಾಕಿದಾಗ ಸಾವಿರಾರು ಮಂದಿ ಈ ದಾರಿಯಿಂದ ಹೊರಬಂದರು. ಇದಕ್ಕೆ ಪೋರ್ಟ್ ತೆರೆಯುವುದು ಬೇಡ, ಸ್ಥಿರ ವಿಳಾಸ ಬೇಡ, ಸಿಜಿನ್ಯಾಟ್ ಹಿಂದೆಯೂ ನಡೆಯುತ್ತದೆ. ಕೆಲವರಿಗೆ ಮಾತ್ರ ನಮ್ಮ ಮನೆಯಿಂದ ಸಂಪರ್ಕ ಕೂಡಲಾರದು, ಅಷ್ಟೇ. ಅವರು ನೋಡುವ ಜಾಲತಾಣಗಳಿಗೆ ಕಾಣುವುದು ಎಕ್ಸಿಟ್‌ನ ವಿಳಾಸ, ನಮ್ಮದಲ್ಲ.

ಮಾಡಿ ನೋಡಬಯಸುವವರಿಗೆ ಸಾರಾಂಶವಾಗಿ ಹೇಳುವುದಿಷ್ಟು. ಮೊಟ್ಟಮೊದಲು ಮನೆಮಂದಿಯ ಒಪ್ಪಿಗೆ. ಅನಂತರ ರೌಟರಿನ ಹೊರವಿಳಾಸ ನೋಡಿ, ಬಾಗಿಲೇ ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ನಾವು ಅದನ್ನು ಕೊನೆಗೆ ನೋಡಿ ನಾಲ್ಕು ದಿನ ಕಳೆದೆವು. ಬಾಗಿಲಿದ್ದರೆ ಕಡತ, ಗಡಿಯಾರ, ಫಯರ್‌ವಾಲ್, ರೌಟರ್ ಈ ಕ್ರಮದಲ್ಲಿ ನೋಡುತ್ತ ಹೋಗಿ, ಪ್ರತಿ ಹೆಜ್ಜೆಗೂ ದಿನಚರಿ ಓದಿ. ಮನೆಯಲ್ಲಿ ಒಂದೇ ಸಂಪರ್ಕವಿದ್ದು ಅದರಿಂದಲೇ ದುಡಿಮೆ, ಪಾಠ, ಬ್ಯಾಂಕು ಎಲ್ಲ ನಡೆಯಬೇಕಾದರೆ ಸ್ನೋಫ್ಲೇಕ್ ಸಾಕು. ತುಲಾ ಮಾಸದ ಸಂಜೆ ಗುಡುಗು ಕೇಳಿದ ಕೂಡಲೇ ಎಲ್ಲದರ ಪ್ಲಗ್ಗು ಕೀಳಿ.

ಈಗ ಚಾವಡಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಬೆಳಗಿನಿಂದ ರಾತ್ರಿಯವರೆಗೆ ಸದ್ದಿಲ್ಲದೆ ಓಡುತ್ತಿದೆ. ಸೊಸೆಯ ಮೀಟಿಂಗು ತುಂಡಾಗುವುದಿಲ್ಲ. ಕಳೆದ 24 ಗಂಟೆಗಳಲ್ಲಿ ಎಷ್ಟು ಮಂದಿಗೆ ಸಹಾಯವಾಯಿತೆಂಬ ಸಂಖ್ಯೆಯನ್ನು ಸ್ನೋಫ್ಲೇಕ್ ತೋರಿಸುತ್ತದೆ. ಕೆಲವು ದಿನ ಸೊನ್ನೆ, ಕೆಲವು ದಿನ ನಾಲ್ಕೋ ಐದೋ. ಅವರು ಯಾರು, ಏನು ಓದಿದರು ಎಂಬುದು ನಮಗೆ ತಿಳಿಯದು, ತಿಳಿಯಲೂ ಬಾರದು. ಸಂಜೆ ದೀಪ ಹಚ್ಚಿ ಬಂದ ಮನೆಯಾಕೆ, ನೆಂಟರ ಲೆಕ್ಕ ಕೇಳುವ ಹಾಗೆ, "ಇವತ್ತು ಎಷ್ಟು ಮಂದಿ ಬಂದರು?" ಎಂದು ಕೇಳುತ್ತಾಳೆ. ಗೇಟಿನವರೆಗಿನ ದಾರಿಗೆ ಟಾರು ಹಾಕಿಸುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.